ಗುಡ್ಡದ ಬಸ್ಸಿಗೆ ಮತ ಕೇಳಿದ್ದು

ಬೆಂಗಳೂರಿನಲ್ಲಿದ್ದಾಗ ಮತದಾನದ ದಿನ ರಜೆ ಸಿಕ್ಕಿತೆಂದು ಗಂಡನ ಜೊತೆ ಮಡಿಕೇರಿಗೆ ಹೋಗಿ ಕೂತವಳು ನಾನು. ಒಂದು ಸಲ ಅಲ್ಲ, ಎರಡು ಸಲ. ಅಂಥವಳು ಜಪಾನಿಗೆ ಬಂದ ನಾಲ್ಕನೇ ವರ್ಷ, ನನಗೆ ಮತವೇ ಇಲ್ಲದ ಊರಿನಲ್ಲಿ, ನೆಟ್ಟಗೆ ಬಾರದ ಭಾಷೆಯಲ್ಲಿ, ಪರಿಚಯವಿಲ್ಲದವರ ಮನೆ ಬೆಲ್ ಒತ್ತಿ ಮತ ಕೇಳುತ್ತಾ ತಿರುಗಿದೆ. ಈಗ ನೆನೆಸಿಕೊಂಡರೆ ನನಗೇ ಆಶ್ಚರ್ಯವಾಗುತ್ತದೆ.

ನನ್ನ ಗಂಡ ಒಕಾಜಾಕಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು. ನಾವಿದ್ದದ್ದು ಅಲ್ಲಿಂದ ರೈಲಿನಲ್ಲಿ ಸ್ವಲ್ಪ ದೂರದ ಸಣ್ಣ ನಗರದಲ್ಲಿ. ಅದರ ಹೆಸರು ಬೇಡ. ಸ್ಟೇಷನ್ ಕೆಳಗೆ, ಮನೆ ಗುಡ್ಡದ ಮೇಲೆ. ಹಿಂದೊಂದು ಕಾಲದಲ್ಲಿ ಮಕ್ಕಳಿದ್ದ ಸಂಸಾರಗಳಿಗೆಂದು ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಕಟ್ಟಿದ ಬಡಾವಣೆ. ನಾವು ಹೋಗುವ ಹೊತ್ತಿಗೆ ಅರ್ಧ ಮನೆಗಳಲ್ಲಿ ಮಕ್ಕಳ ಸೈಕಲ್ ಇರಲಿಲ್ಲ. ಬಾಡಿಗೆ ಕಡಿಮೆ ಇತ್ತು, ಅದಕ್ಕೇ ಹಿಡಿದೆವು. ಗಂಡ ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಇಳಿದು ಹತ್ತುತ್ತಿದ್ದರು. ನನಗೂ ಮಗಳಿಗೂ ಇದ್ದದ್ದು ಬಸ್ಸು ಮಾತ್ರ.

ಅದು ನಗರಸಭೆಯ ಮಿನಿ ಬಸ್ಸು. ಗಂಟೆಗೆ ಒಂದು. ಸ್ಟೇಷನ್, ಆಸ್ಪತ್ರೆ, ಸೂಪರ್ ಮಾರ್ಕೆಟ್ ಸುತ್ತಿ ಮತ್ತೆ ಗುಡ್ಡ ಹತ್ತುತ್ತಿತ್ತು. ಡ್ರೈವರು ಬಿಳಿ ಕೈಗವಸು ಹಾಕಿಕೊಂಡು, ಪ್ರತಿ ತಿರುವಿನಲ್ಲೂ "ಬಸ್ಸು ವಾಲುತ್ತದೆ, ಹಿಡಿದುಕೊಳ್ಳಿ" ಎಂದು ಮೈಕಿನಲ್ಲಿ ಮೆಲ್ಲಗೆ ಹೇಳುತ್ತಿದ್ದರು. ಬಸ್ಸಿನಲ್ಲಿ ನಾವಿಬ್ಬರೇ ಇದ್ದರೂ ಹೇಳುತ್ತಿದ್ದರು.

ನಮ್ಮ ಪಕ್ಕದ ಮನೆಯ ಹೆಂಗಸಿಗೆ ಐವತ್ತೈದರ ಆಸುಪಾಸು. ಸ್ಟೇಷನ್ ಹತ್ತಿರ ಅಕ್ಯುಪಂಕ್ಚರ್ ಮತ್ತು ಮಸಾಜಿನ ಸಣ್ಣ ಕ್ಲಿನಿಕ್ ನಡೆಸುತ್ತಿದ್ದರು, ಹಾಗಾಗಿ ಎಲ್ಲರೂ ಅವರನ್ನು ಸೆನ್ಸೇ ಎನ್ನುತ್ತಿದ್ದರು. ಗುರುಗಳಿಗೆ, ಡಾಕ್ಟರಿಗೆ ಇಲ್ಲಿ ಹಾಗೆ ಕರೆಯುವುದು. ಅವರ ಕಣ್ಣು ವರ್ಷ ವರ್ಷಕ್ಕೂ ಅಂಚಿನಿಂದ ಮುಚ್ಚಿಕೊಂಡು ಬರುತ್ತಿತ್ತು. ಎದುರಿಗಿದ್ದದ್ದು ಮಾತ್ರ ಕೊಳವೆಯಲ್ಲಿ ನೋಡಿದ ಹಾಗೆ ಕಾಣುತ್ತಿತ್ತಂತೆ, ಕಾಲ ಬಳಿ ಇರುವುದು, ಪಕ್ಕದಲ್ಲಿ ಬರುವುದು ಏನೂ ಇಲ್ಲ. ಲೈಸೆನ್ಸ್ ತಾವೇ ಹಿಂದಿರುಗಿಸಿ ಕಾರು ಮಾರಿದ್ದರು. ಒಬ್ಬರೇ ಇದ್ದರು. ನಾವು ಬಂದ ಹೊಸದರಲ್ಲಿ ನನ್ನ ಕುತ್ತಿಗೆ ಹಿಡಿದುಕೊಂಡು ತಲೆ ತಿರುಗಿಸಲಾಗದೆ ಕಸದ ಚೀಲ ಹಿಡಿದು ನಿಂತಿದ್ದಾಗ, "ಓಕುಸಾನ್, ನಡಿಗೆ ಸಪ್ಪಳದಲ್ಲೇ ಗೊತ್ತಾಗ್ತಿದೆ, ಕುತ್ತಿಗೆ ತಾನೇ?" ಎಂದು ಒಳಗೆ ಕರೆದು ಕೂರಿಸಿದ್ದರು. ಓಕುಸಾನ್ ಅಂದರೆ ನಮ್ಮಲ್ಲಿ 'ಅಮ್ಮಾವ್ರೇ' ಅಂದ ಹಾಗೆ. ನಾಲ್ಕು ವರ್ಷ ನನ್ನನ್ನು ಹಾಗೇ ಕರೆದರು.

ಆ ವರ್ಷದ ಬೇಸಿಗೆಯಲ್ಲಿ, ಮನೆಯಿಂದ ಮನೆಗೆ ಸುತ್ತುವ ಸೂಚನೆಯ ಹಲಗೆಯಲ್ಲಿ ಒಂದು ಹಸಿರು ಕಾಗದ ಬಂತು. ಎಂದಿನಂತೆ ನಾನು ಓದದೆ ಸಹಿ ಹಾಕಿ ಸೆನ್ಸೇ ಮನೆಗೆ ದಾಟಿಸಿದೆ. ಸಂಜೆ ಅವರೇ ಅದನ್ನು ಹಿಡಿದು ಬಂದರು. ಬಸ್ಸು ನಡೆಸಲು ನಗರಸಭೆಗೆ ಆಗುತ್ತಿಲ್ಲ. ನಿಲ್ಲಿಸಬೇಕು, ಇಲ್ಲವೇ ಊರಿನ ಪ್ರತಿಯೊಬ್ಬರ ತೆರಿಗೆಯ ಜೊತೆ ಬಸ್ಸಿಗೆಂದೇ ಸ್ವಲ್ಪ ಸೇರಿಸಬೇಕು. ಸೇರಿಸಬಹುದೇ ಎಂದು ಊರಿನವರನ್ನೇ ಕೇಳುತ್ತಾರೆ, ಶರತ್ಕಾಲದ ಒಂದು ಭಾನುವಾರ ಮತ ಹಾಕಬೇಕು. ತೆರಿಗೆ ಎಂದರೆ ದೊಡ್ಡದೇನಲ್ಲ. ವರ್ಷಕ್ಕೆ ಎರಡು ಬಟ್ಟಲು ರಾಮೆನ್ ನೂಡಲ್ಸ್ ತಿಂದಷ್ಟು, ಎಂದರು ಸೆನ್ಸೇ.

"ಮನೆ ಮನೆಗೆ ಹೋಗಿ ಕೇಳಬೇಕು ಅಂತಿದ್ದೀನಿ," ಎಂದರು. "ಚುನಾವಣೆಯಲ್ಲಾದರೆ ಹಾಗೆ ಹೋಗುವ ಹಾಗಿಲ್ಲ. ಇದಕ್ಕೆ ಪರವಾಗಿಲ್ಲವಂತೆ, ಆಫೀಸಿಗೆ ಫೋನ್ ಮಾಡಿ ಕೇಳಿದೆ. ಆದರೆ ನನಗೆ ಮೆಟ್ಟಿಲು ಕಾಣಿಸಲ್ಲ. ಜೊತೆಗೆ ಬರ್ತೀರಾ?"

"ನನಗೆ ಜಪಾನಿ ಅಷ್ಟು ಬರಲ್ಲ, ಸೆನ್ಸೇ. ಮತವೂ ಇಲ್ಲ."

"ತೆರಿಗೆ ಕಟ್ಟೋದಿಲ್ಲವಾ?"

"ಕಟ್ತೀವಿ."

"ಮತ್ತೇನು. ಮಾತು ನಾನು ಆಡ್ತೀನಿ, ಮೆಟ್ಟಿಲು ನೀವು ನೋಡಿ."

ಆಮೇಲೆ ಆ ಕಾಗದವನ್ನು ಭೂತಗನ್ನಡಿಯಲ್ಲಿ ಓದುತ್ತಾ ಅರ್ಧ ಗಂಟೆ ವಿವರಿಸಿದರು. ನಾನು "ಹಾಯ್, ಹಾಯ್" ಎಂದು ತಲೆಯಾಡಿಸಿದೆ. ಹೌದು, ಹೌದು ಅಂತ. ಪರಭಾಷೆಯಲ್ಲಿ ಬದುಕಿದವರಿಗೆ ಈ ತಲೆಯಾಟ ಗೊತ್ತಿರುತ್ತದೆ. ಮೊದಲ ನಾಲ್ಕು ವಾಕ್ಯ ಅರ್ಥವಾಗುತ್ತದೆ, ಐದನೆಯದು ತಪ್ಪಿಹೋಗುತ್ತದೆ, ತಡೆದು ಕೇಳಲು ಸಂಕೋಚ, ಅಷ್ಟರಲ್ಲಿ ಹತ್ತನೆಯದು ಬಂದಿರುತ್ತದೆ. ಮುಖದ ಮೇಲೆ ಮಾತ್ರ ಎಲ್ಲಾ ತಿಳಿದವರ ಕಳೆ. ನನ್ನ ಮಗಳು ಊಟದ ಮೇಜಿನಲ್ಲಿ ಹೋಂವರ್ಕ್ ಮಾಡುತ್ತಿದ್ದಳು. ಅವಳಿಗೆ ಆಗ ಎಂಟು ವರ್ಷ. ಸೆನ್ಸೇ ಹೋದ ಮೇಲೆ "ಯೂ ಡಿಡಂಟ್ ಅಂಡರ್‌ಸ್ಟ್ಯಾಂಡ್, ರೈಟ್?" ಎಂದಳು. "ಎಲ್ಲಾ ಆಯ್ತು ಕಣೇ" ಎಂದೆ.

ಸೆಪ್ಟೆಂಬರಿನಿಂದ ಶುರು ಮಾಡಿದೆವು. ಶನಿವಾರ, ಭಾನುವಾರ ಮಧ್ಯಾಹ್ನ ಸೆನ್ಸೇ ನನ್ನ ಮೊಣಕೈ ಹಿಡಿದು ನಡೆಯುತ್ತಿದ್ದರು. ಮೆಟ್ಟಿಲು ಬಂದರೆ ನಾನು "ಮೂರು, ಮೇಲಕ್ಕೆ" ಎನ್ನುತ್ತಿದ್ದೆ. ಬಾಗಿಲು ತೆರೆದ ಕೂಡಲೇ ಇಬ್ಬರೂ "ಸುಮಿಮಾಸೆನ್", ತೊಂದರೆಗೆ ಕ್ಷಮಿಸಿ, ಎಂದು ಬಾಗುವುದು, ಅವರು ಬಸ್ಸಿನ ಮಾತು ಆಡುವುದು, ನಾನು ಕಾಗದ ಕೊಡುವುದು. ಹಲವರು ಮುಗುಳ್ನಕ್ಕು "ಯೋಚಿಸಿ ನೋಡುತ್ತೇವೆ" ಎನ್ನುತ್ತಿದ್ದರು. ಮೊದಲ ದಿನ ನಾನು ಖುಷಿಯಾಗಿಬಿಟ್ಟೆ. ರಸ್ತೆಗೆ ಬಂದ ಮೇಲೆ ಸೆನ್ಸೇ "ಅದು ಇಲ್ಲ ಅಂತ, ಓಕುಸಾನ್" ಎಂದರು.

ಕಾರು ತೊಳೆಯುತ್ತಿದ್ದ ನಿವೃತ್ತರೊಬ್ಬರು ಮಾತ್ರ ಬಿಚ್ಚಿ ಹೇಳಿದರು.

"ನಲವತ್ತು ವರ್ಷದಿಂದ ಇಲ್ಲಿದ್ದೀನಿ. ಒಂದು ಸಲವೂ ಆ ಬಸ್ ಹತ್ತಿಲ್ಲ. ಖಾಲಿ ಬಸ್ ಸುತ್ತೋದನ್ನ ನೋಡ್ತಾನೇ ಇದ್ದೀನಿ. ಅದಕ್ಕೆ ನಾನ್ಯಾಕೆ ಕೊಡಲಿ?"

"ನಾನೂ ಮೊದಲು ಕಾರೇ ಓಡಿಸುತ್ತಿದ್ದೆ," ಎಂದರು ಸೆನ್ಸೇ.

ಆತ ಪೈಪಿನ ನೀರು ನಿಲ್ಲಿಸಿ ಅವರ ಕಣ್ಣನ್ನೂ ನನ್ನ ಮೊಣಕೈಯನ್ನೂ ನೋಡಿದರು. ಕ್ಷಮಿಸಿ, ಆದರೂ ನನ್ನ ಮತ ಬೇಡ ಅಂತಲೇ, ಎಂದರು.

"ಬೇಡ ಅಂತಲೇ ಹಾಕಿ. ಆದರೆ ದಯವಿಟ್ಟು ಬನ್ನಿ," ಎಂದು ಸೆನ್ಸೇ ಆಳವಾಗಿ ಬಾಗಿದರು.

ಬೇಡ ಎಂದವರಿಗೆಲ್ಲ ಅವರು ಹಾಗೇ ಹೇಳುತ್ತಿದ್ದರು. ಬೇಡ ಅಂತಲೇ ಹಾಕಿ, ಆದರೆ ಬನ್ನಿ. ಇದು ಜಪಾನೀಯರ ಮರ್ಯಾದೆ ಎಂದುಕೊಂಡೆ. ನಮ್ಮ ಕಡೆ ಯಾರಾದರೂ ಎದುರಾಳಿಯ ಮತವನ್ನು ಕೈಮುಗಿದು ಕರೆಯುತ್ತಾರೆಯೇ ಎಂದು ಮನೆಗೆ ಬಂದು ಗಂಡನ ಹತ್ತಿರ ಮೆಚ್ಚಿಕೊಂಡು ಹೇಳಿದೆ ಕೂಡ.

ಅಕ್ಟೋಬರಿನಲ್ಲಿ ಸೆನ್ಸೇಗೆ ಕ್ಲಿನಿಕ್ಕಿನಲ್ಲಿ ಕೆಲಸ ಹೆಚ್ಚಾಯಿತು. ಗುಡ್ಡದ ಹಿಂಬದಿಯ ಎರಡು ಓಣಿ ಉಳಿದಿದ್ದವು. ಅವನ್ನು ನಾನೊಬ್ಬಳೇ ಮುಗಿಸುತ್ತೇನೆ ಎಂದೆ. ಹೇಳಬೇಕಾದ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಅಡುಗೆಮನೆಯಲ್ಲಿ ಉರು ಹೊಡೆದೆ. ಮಗಳು ಎರಡು ಕಡೆ ತಿದ್ದಿದಳು, ಮೂರನೆಯ ಕಡೆ ನಕ್ಕಳು.

ಒಬ್ಬಳೇ ಹೋದಾಗ ನನಗೆ ಇನ್ನಿಲ್ಲದ ಧೈರ್ಯ ಬಂದಿತ್ತು. ಜನ ನನ್ನನ್ನು ನೋಡಿ ಗಾಬರಿಯಾಗಿ, ಆಮೇಲೆ ಮೆತ್ತಗಾಗುತ್ತಿದ್ದರು. ಒಬ್ಬ ತಾಯಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು "ನಿಮಗೆ ಮತ ಇದೆಯಾ?" ಎಂದು ಕೇಳಿದಳು. ಇಲ್ಲ ಎಂದೆ. "ಹಾಗಾದರೆ ಯಾಕೆ ಓಡಾಡ್ತಿದ್ದೀರಿ?" ಎಂದಳು. ಬಸ್ಸು ಬೇಕಲ್ಲ ಎಂದೆ. ಅವಳು ಕಾಗದ ತೆಗೆದುಕೊಂಡು ಖಂಡಿತ ಬರುತ್ತೇನೆ ಎಂದಳು, ಮುಖ ನೋಡಿದರೆ ನಿಜ ಅನ್ನಿಸಿತು.

ಆ ಎರಡು ಓಣಿಯಲ್ಲಿ ಬೇಡ ಎಂದವರು ಆರು ಮನೆಯವರು. ಅವರಿಗೆ ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯಲೇಬೇಕು. ಬೇಡ ಅಂತಲೇ ಹಾಕಿ, ಬನ್ನಿ ಎನ್ನಲು ನನಗೆ ಬಾಯಿ ಬರಲಿಲ್ಲ. ಸುಮ್ಮನೆ ಒಂದು ವಿರುದ್ಧ ಮತವನ್ನು ನಾನೇ ಯಾಕೆ ಕರೆದು ತರಲಿ ಅನ್ನಿಸಿತು. ಮೊದಲ ಮನೆಯಲ್ಲಿ "ಪರವಾಗಿಲ್ಲ, ಭಾನುವಾರ ಅಲ್ಲವಾ, ವಿಶ್ರಾಂತಿ ತೆಗೆದುಕೊಳ್ಳಿ, ಬರದಿದ್ದರೂ ಆಯಿತು" ಎಂದೆ. ಆ ಮನೆಯವರಿಗೆ ಹಗುರಾಯಿತು, ನಕ್ಕು ಬಾಗಿಲು ಹಾಕಿಕೊಂಡರು. ಉಳಿದ ಐದು ಮನೆಯಲ್ಲೂ ಅದನ್ನೇ ಹೇಳಿದೆ. ಮನೆಗೆ ಬರುವಾಗ ಆರು ಮತ ಉಳಿಸಿದೆ ಎಂದು ಒಳಗೊಳಗೇ ಜಂಬ. ಸೆನ್ಸೇಗೆ ಮಾತ್ರ ಹೇಳಲಿಲ್ಲ, ಅವರ ಮರ್ಯಾದೆಗೆ ಇದು ಹಿಡಿಸಲಿಕ್ಕಿಲ್ಲ ಎಂದು.

ಮತದಾನದ ಭಾನುವಾರ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಗುಡ್ಡದ ಮೇಲಿನ ಸಮುದಾಯ ಭವನದಲ್ಲಿ ಮತಗಟ್ಟೆ. ಸೆನ್ಸೇಯನ್ನು ಬಾಗಿಲವರೆಗೆ ಕರೆದುಕೊಂಡು ಹೋದೆ. ನಾನು ಹೊರಗೆ ಛತ್ರಿ ಸ್ಟ್ಯಾಂಡಿನ ಪಕ್ಕ ನಿಂತೆ. ಒಳಗೆ ಒಬ್ಬರು ಅವರ ಕೈ ಹಿಡಿದು ಮೇಜಿನತ್ತ ಕರೆದೊಯ್ದರು. ಹಾಕಬೇಕಾದದ್ದು ಒಂದು ಸೊನ್ನೆ, ಬೇಕು ಎಂಬುದರ ಮೇಲೋ ಬೇಡ ಎಂಬುದರ ಮೇಲೋ. ಹೊರಬಂದಾಗ ಅವರ ಮುಖ ಗೆಲುವಾಗಿರಲಿಲ್ಲ.

"ಒಳಗೆ ತುಂಬಾ ನಿಶ್ಶಬ್ದ ಇದೆ," ಎಂದರು.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಮತ್ತೆ ನಮ್ಮ ಮನೆ ಬೆಲ್ ಒತ್ತಿದರು. ಭವನಕ್ಕೆ ಫೋನ್ ಮಾಡಿ ಕೇಳಿದ್ದರು, ಜನ ಸಾಲದು. "ಓಕುಸಾನ್, ಇನ್ನೊಂದು ಸಲ ಓಣಿ ಸುತ್ತಬೇಕು. ಬೇಕು ಅನ್ನೋರು, ಬೇಡ ಅನ್ನೋರು, ಯಾರಾದರೂ ಸರಿ, ಬರಲಿ. ಇಲ್ಲದಿದ್ದರೆ ಅರ್ಧ ಆಗಲ್ಲ."

"ಯಾವುದರ ಅರ್ಧ?" ಎಂದೆ.

ಅವರು ನನ್ನ ದನಿ ಬಂದ ಕಡೆ ತಿರುಗಿದರು. "ಮತದಾರರಲ್ಲಿ ಅರ್ಧ ಜನ ಬರದೇ ಹೋದರೆ ಪೆಟ್ಟಿಗೆ ತೆರೆಯಲ್ಲ. ಎಣಿಸೋದೇ ಇಲ್ಲ. ಮೊದಲ ದಿನವೇ ಹೇಳಿದ್ದೆನಲ್ಲ."

ಹೇಳಿದ್ದರು. ನಾನು ಹಾಯ್ ಎಂದಿದ್ದೆ.

ನಮ್ಮ ಬೀದಿಯವರಿಗೆ ನೀವು ಫೋನ್ ಮಾಡಿ, ಹಿಂದಿನ ಓಣಿಗೆ ನಾನು ಹೋಗುತ್ತೇನೆ ಎಂದು ಛತ್ರಿ ಹಿಡಿದು ಓಡಿದೆ.

ಮೊದಲ ಮನೆಯಲ್ಲಿ ಕಾರಿರಲಿಲ್ಲ, ಯಾರೂ ಬಾಗಿಲು ತೆರೆಯಲಿಲ್ಲ. ಎರಡನೆಯ ಮನೆಯ ಯಜಮಾನರು ಸ್ನಾನ ಮುಗಿಸಿ ಬಿಯರ್ ಹಿಡಿದು ಬಂದರು. ಈಗಾಗಲೇ ಸ್ನಾನ ಆಗಿಹೋಯಿತು, ಕ್ಷಮಿಸಿ ಎಂದರು. ಇಲ್ಲಿ ಸ್ನಾನ ಆಯಿತೆಂದರೆ ದಿನ ಮುಗಿಯಿತೆಂದೇ. ಮೂರನೆಯ ಮನೆಯ ಹೆಂಗಸು ನನ್ನ ಒದ್ದೆ ಕಾಲು ನೋಡಿ ಟವೆಲ್ ತಂದುಕೊಟ್ಟರು.

"ದಯವಿಟ್ಟು ಹೋಗಿ ಮತ ಹಾಕಿ ಬನ್ನಿ," ಎಂದೆ.

"ಬರಬೇಡಿ ಅಂದಿರಲ್ಲ?"

"ತಪ್ಪಾಯಿತು. ಬನ್ನಿ. ಬೇಡ ಅಂತಲೇ ಹಾಕಿ."

ಅವರಿಗೆ ಅರ್ಥವಾಗಲಿಲ್ಲ. ನಾನು ಅರ್ಧ, ಪೆಟ್ಟಿಗೆ, ತೆರೆಯಲ್ಲ ಎಂದು ಮೂರು ಪದಗಳನ್ನು ತಿರುತಿರುಗಿ ಹೇಳಿದೆ. ಉರು ಹೊಡೆದ ಮಾತಿನಾಚೆ ನನಗೆ ಜಪಾನಿ ಇರಲಿಲ್ಲ. ಅಷ್ಟರಲ್ಲಿ ಅವರ ಗಂಡ ಒಳಗಿಂದ ಬಂದು, ನನ್ನನ್ನಲ್ಲ, ಹೆಂಡತಿಯನ್ನು ನೋಡುತ್ತಾ, "ಮೊದಲು ಬರಬೇಡಿ ಅನ್ನೋದು, ಈಗ ಬನ್ನಿ ಅನ್ನೋದು. ಇದೇನು ಆಟ?" ಎಂದರು. ದನಿ ಏರಿಸಲಿಲ್ಲ. ನಾನು ಟವೆಲ್ ಮಡಚಿ ಕೊಟ್ಟು, ಬಾಗಿ, ಹೊರಬಂದೆ. ನಾಲ್ಕನೆಯ ಮನೆಯವರು ಯೋಚಿಸಿ ನೋಡುತ್ತೇವೆ ಎಂದರು. ಐದನೆಯ ಮನೆಯ ಮುದುಕರು ಎದ್ದು ಕೋಟು ಹಾಕಿಕೊಳ್ಳಲು ಹೊರಟರು, ಸೊಸೆ ಈ ಮಳೆಯಲ್ಲಿ ಬೇಡ ಎಂದು ತಡೆದಳು. ಆರನೆಯ ಮನೆಯ ಬೆಲ್ ಒತ್ತುವಷ್ಟರಲ್ಲಿ ನನಗೆ ಅಳು ಬಂದಿತ್ತು. ಬಾಗಿಲು ತೆರೆದ ಹುಡುಗಿ ಗಾಬರಿಯಾಗಿ "ನಿಮಗೆ ಪೆಟ್ಟಾಗಿದೆಯಾ?" ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ಸೆನ್ಸೇ ಬೇಲಿಯ ಆಚೆಯಿಂದಲೇ ಹೇಳಿದರು. ಅರ್ಧಕ್ಕೆ ಸ್ವಲ್ಪವೇ ಕಡಿಮೆಯಾಯಿತು, ಪೆಟ್ಟಿಗೆ ತೆರೆಯುವುದಿಲ್ಲ, ಬಸ್ಸು ಮಾರ್ಚ್ ಕೊನೆಯವರೆಗೆ.

ಅವತ್ತೇ ಅವರಿಗೆ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ನಾಲ್ಕು ದಿನ ಕಸ ಹಾಕುವ ಹೊತ್ತನ್ನೇ ಬದಲಾಯಿಸಿದೆ. ಗಂಡ, "ಇಡೀ ಊರಿನಲ್ಲಿ ಆರು ಮನೆ ಏನು ಲೆಕ್ಕ, ನಿನ್ನಿಂದ ಆಗಿದ್ದಲ್ಲ ಇದು" ಎಂದರು. ಅವರು ಹೇಳಿದ್ದು ಸರಿಯೇ. ಆದರೂ ರಾಗಿ ಹಿಟ್ಟು ಕಲಸುವಾಗ, ಬಟ್ಟೆ ಒಣಹಾಕುವಾಗ, ನನ್ನ ಹಾಗೆ ಇನ್ನೆಷ್ಟು ಜನ ಇನ್ನೆಷ್ಟು ಓಣಿಯಲ್ಲಿ ಬರದಿದ್ದರೂ ಆಯಿತು ಎಂದಿರಬಹುದು ಎಂದು ತಲೆ ಓಡುತ್ತಲೇ ಇತ್ತು. ಐದನೆಯ ದಿನ ನಗರಸಭೆಗೆ ಹೋದೆ. ಯಾಕೆ ಹೋದೆನೋ. ಕೌಂಟರಿನಲ್ಲಿದ್ದ ತರುಣನಿಗೆ ಆ ಪೆಟ್ಟಿಗೆಗಳು ಎಲ್ಲಿವೆ ಎಂದು ಕೇಳಿದೆ. ಭದ್ರವಾಗಿವೆ, ಸ್ವಲ್ಪ ಕಾಲ ಇಟ್ಟು ಆಮೇಲೆ ನಾಶ ಮಾಡುತ್ತೇವೆ ಎಂದ. ಯಾರೂ ನೋಡುವುದಿಲ್ಲವೇ ಎಂದೆ. ನೋಡುವ ಹಾಗಿಲ್ಲ ಎಂದು ಕ್ಷಮೆ ಕೇಳಿದ. ನಾನೂ ಕ್ಷಮೆ ಕೇಳಿದೆ. ಇಬ್ಬರೂ ಬಾಗಿದೆವು.

ಆ ಸಂಜೆ ಸೆನ್ಸೇ ಮನೆಗೆ ಹೋಗಿ ಎಲ್ಲಾ ಹೇಳಿದೆ. ಮೊದಲ ದಿನ ಅರ್ಥವಾಗದೆ ತಲೆಯಾಡಿಸಿದ್ದು, ಆರು ಮನೆ, ಜಂಬಪಟ್ಟಿದ್ದು, ಎಲ್ಲಾ. ಅವರು ಚಹಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿಸಿಕೊಂಡರು.

"ಆರು ಮನೆ," ಎಂದರು ಕೊನೆಗೆ. "ಅದರಿಂದ ಏನೂ ಬದಲಾಗುತ್ತಿರಲಿಲ್ಲ."

"ಗೊತ್ತಿಲ್ಲವಲ್ಲ, ಸೆನ್ಸೇ."

"ಹೌದು, ಗೊತ್ತಿಲ್ಲ." ಬಟ್ಟಲನ್ನು ಕೆಳಗಿಟ್ಟು, "ಅರ್ಥವಾಗದಿದ್ದಾಗ ಕೇಳಿ, ಓಕುಸಾನ್. ನಾನು ಎಷ್ಟು ಸಲ ಬೇಕಾದರೂ ಹೇಳ್ತಿದ್ದೆ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅವರು ಬದಲಾದರು ಎನ್ನಲಾರೆ. ಬಾಗಿಲಿಗೆ ಪರ್ಸಿಮನ್ ಹಣ್ಣು ತಂದಿಡುವುದು, ಮಗಳ ಹುಟ್ಟುಹಬ್ಬಕ್ಕೆ ಬಣ್ಣದ ಕಾಗದ ಕೊಡುವುದು ಎಲ್ಲಾ ಹಾಗೇ ಇತ್ತು. ಆದರೆ ಮೊಣಕೈ ಕೇಳುವುದು ನಿಂತಿತು. ಬಿಳಿ ಕೋಲು ಹಿಡಿದು ಒಬ್ಬರೇ ಬಸ್ ಸ್ಟಾಪಿಗೆ ಹೋಗುತ್ತಿದ್ದರು. ಅದು ನನ್ನ ಮೇಲಿನ ಬೇಸರವೋ, ಬಸ್ಸು ನಿಂತ ಮೇಲಿನ ದಿನಗಳಿಗೆ ಅಭ್ಯಾಸವೋ, ನಾನು ಕೇಳಲಿಲ್ಲ. ಅರ್ಥವಾಗದಿದ್ದಾಗ ಕೇಳಿ ಎಂದು ಹೇಳಿಸಿಕೊಂಡ ಮೇಲೂ.

ಕೇಳುವ ಬದಲು ಏನಾದರೂ ಮಾಡೋಣ ಎಂದು ಹೊರಟೆ. ಬೆಂಗಳೂರಿನ ಡ್ರೈವಿಂಗ್ ಲೈಸೆನ್ಸ್ ಪರ್ಸಿನಲ್ಲಿತ್ತು. ಅದನ್ನು ಜಪಾನಿನದಕ್ಕೆ ಬದಲಾಯಿಸಿಕೊಂಡು, ಹಳೆಯ ಸಣ್ಣ ಕಾರು ತೆಗೆದುಕೊಂಡು, ಏಪ್ರಿಲ್‌ನಿಂದ ಸೆನ್ಸೇಯನ್ನು ದಿನಾ ಕ್ಲಿನಿಕ್ಕಿಗೆ ಬಿಡುವುದೆಂದು ನನ್ನ ಲೆಕ್ಕಾಚಾರ. ಜನವರಿಯಲ್ಲಿ ಮೊದಲ ಪರೀಕ್ಷೆ. ಎಡಕ್ಕೆ ತಿರುಗುವ ಮುನ್ನ ಭುಜದ ಮೇಲಿಂದ ಹಿಂದೆ ನೋಡಲಿಲ್ಲವೆಂದು ಫೇಲ್. ಫೆಬ್ರವರಿಯಲ್ಲಿ ಇಕ್ಕಟ್ಟಾದ ತಿರುವಿನಲ್ಲಿ ಚಕ್ರ ಕಟ್ಟೆ ಹತ್ತಿತು. ಪರೀಕ್ಷಕರು ಸಮಾಧಾನದ ದನಿಯಲ್ಲಿ, ಇಲ್ಲಿಗೆ ಮುಗಿಸೋಣ, ಸ್ಟಾರ್ಟ್ ಮಾಡಿದ ಜಾಗಕ್ಕೆ ವಾಪಸ್ ಹೋಗೋಣ ಎಂದರು. ಅಷ್ಟು ದೂರವೂ ನಾನೇ ಓಡಿಸಬೇಕಾಯಿತು.

ಸೆನ್ಸೇಗೆ ಇದನ್ನೆಲ್ಲ ಹೇಳಿರಲಿಲ್ಲ. ಪಾಸಾದ ಮೇಲೆ ಕೀ ಹಿಡಿದುಕೊಂಡೇ ಹೋಗಿ ಹೇಳಬೇಕೆಂದಿತ್ತು. ಮಾರ್ಚ್ ಎರಡನೆಯ ವಾರ ಅವರ ಮನೆ ಮುಂದೆ ಸಾಮಾನು ಸಾಗಿಸುವ ಲಾರಿ ನಿಂತಿತು. ಕ್ಲಿನಿಕ್ಕಿನ ಹಿಂದಿನ ಬೀದಿಯಲ್ಲಿ ಒಂದು ರೂಮು ಸಿಕ್ಕಿದೆ, ಸ್ಟೇಷನ್‌ಗೂ ಹತ್ತಿರ ಎಂದು ಹೇಳಿ, ನಮ್ಮ ಮನೆಗೆ ಪದ್ಧತಿಯಂತೆ ಒಂದು ಟವೆಲ್ಲಿನ ಪೊಟ್ಟಣ ಕೊಟ್ಟು, ಇಷ್ಟು ವರ್ಷ ನನ್ನನ್ನು ಚೆನ್ನಾಗಿ ನೋಡಿಕೊಂಡಿರಿ ಎಂದು ಬಾಗಿದರು. ನಾನು ನೋಡಿಕೊಂಡದ್ದೇನು. ಲೈಸೆನ್ಸಿನ ಮಾತು ಎತ್ತಲಿಲ್ಲ. ಆಗ ಹೇಳಿದ್ದರೆ ಹೋಗುವವರನ್ನು ಕಾಡಿಸಿದ ಹಾಗಾಗುತ್ತಿತ್ತು.

ಬಸ್ಸಿನ ಕೊನೆಯ ದಿನ ನಾನೂ ಮಗಳೂ ಹತ್ತಿ ಒಂದು ಸುತ್ತು ಹೋಗಿಬಂದೆವು. ಅವತ್ತು ಬಸ್ಸು ತುಂಬಿತ್ತು. ಫೋಟೊ ತೆಗೆಯುವವರು, ಮೊಮ್ಮಕ್ಕಳನ್ನು ಕರೆತಂದವರು, ಹಿಂದೆಂದೂ ಕಾಣದ ಮುಖಗಳು. ನಾವು ನಿಂತೇ ಹೋಗಬೇಕಾಯಿತು. ಇಳಿಯುವಾಗ ಡ್ರೈವರಿಗೆ ಅರಿಗಾತೋ, ಧನ್ಯವಾದ, ಎಂದೆ, ಅವರು ಬಿಳಿ ಕೈಗವಸಿನ ಕೈಯನ್ನು ಟೋಪಿಗೆ ತಾಗಿಸಿದರು.

ಮೇ ತಿಂಗಳಲ್ಲಿ, ನಾಲ್ಕನೆಯ ಪರೀಕ್ಷೆಯಲ್ಲಿ ಪಾಸಾದೆ. ಅಷ್ಟರಲ್ಲಿ ಗಂಡನ ಒಪ್ಪಂದ ಮುಗಿಯುತ್ತಾ ಬಂದು, ಟೋಕಿಯೊದಲ್ಲಿ ಬೇರೆ ಕೆಲಸ ಸಿಕ್ಕಿತು. ಈಗ ನಾವಿರುವುದು ಫುನಾಬೊರಿಯಲ್ಲಿ. ನಾಲ್ಕು ಹೆಜ್ಜೆಗೆ ಹಗಲು ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿ, ಐದು ನಿಮಿಷಕ್ಕೊಂದು ರೈಲು, ಲಿಫ್ಟಿನಲ್ಲಿ ಕನ್ನಡ ಮಾತಾಡುವವರು ಸಿಗುತ್ತಾರೆ. ಕಾರಿನ ಅಗತ್ಯವೇ ಇಲ್ಲ.

ಊರು ಬಿಡುವ ಮುನ್ನ ಸೆನ್ಸೇಯ ಹೊಸ ರೂಮಿಗೆ ಹೋಗಿದ್ದೆ. ಚಿಕ್ಕದು, ಅಚ್ಚುಕಟ್ಟು, ಪ್ರತಿ ವಸ್ತುವೂ ಕೈಗೆ ಸಿಗುವಲ್ಲೇ ಇತ್ತು. ನನ್ನನ್ನು ಕೂರಿಸಿ, ಕೇಳದೆಯೇ ಕುತ್ತಿಗೆಗೆ ಕೈ ಹಾಕಿದರು. ಅಲ್ಲಿ ಗಟ್ಟಿಯಾಗಿದೆ ಎಂದು ಹೆಬ್ಬೆರಳು ಒತ್ತಿದರು. ನಾನು ಮುಖ ಕೆಳಗೆ ಮಾಡಿಕೊಂಡೇ ಲೈಸೆನ್ಸ್ ಬಂದದ್ದು, ಯಾಕೆ ಮಾಡಿಸಿದ್ದು ಎಂಬುದನ್ನು ಹೇಳಿದೆ. ಒಂದು ಕ್ಷಣ ಹೆಬ್ಬೆರಳು ನಿಂತಿತು.

"ಯಾಕೆ ಮೊದಲೇ ಹೇಳಲಿಲ್ಲ?" ಎಂದರು. "ಹೇಳಿದ್ದರೆ ಮೇ ತನಕ ಕಾಯ್ತಿದ್ದೆ."

ಅವರು ಮತ್ತೆ ಒತ್ತಲು ಶುರು ಮಾಡಿದರು, ಉಸಿರು ಬಿಡಿ, ಬಿಗಿ ಹಿಡಿಯಬೇಡಿ ಎನ್ನುತ್ತಾ.